ತೆಂಗು ಉತ್ಪನ್ನಗಳ ಲೇಬಲ್ ಮತ್ತು ಪೊಟ್ಟಣ ವಿನ್ಯಾಸ: ವಿನ್ಯಾಸಕಾರರಿಗೆ ಎದುರಾಗುವ ಸಾಮಾನ್ಯ ತೊಡಕುಗಳು ಹಾಗೂ ಅವುಗಳ ನಿವಾರಣೆ

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕಿರು ಉದ್ಯಮಿಗಳು, ಸ್ವಸಹಾಯ ಸಂಘಗಳು, ಮುದ್ರಕರು ಹಾಗೂ ವಿನ್ಯಾಸಕಾರರ ಮಾಹಿತಿಗಾಗಿ)

ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಬೆಳೆಗೆ ಹೆಸರಾಗಿದ್ದು, ಈ ಸೀಮೆಯನ್ನು ಕಲ್ಪತರು ನಾಡು ಎಂದು ಕರೆಯುವುದು ರೂಢಿಯಾಗಿದೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಇಂಗಿ ತಿರುಳು ಕರಟದಿಂದ ಬಿಟ್ಟುಕೊಂಡ ಬಳಿಕ ಒಡೆದು ತೆಗೆಯುವ ಉಂಡೆ ಕೊಬ್ಬರಿಯು ಇಲ್ಲಿನ ಪ್ರಮುಖ ಸರಕು. ತಿಪಟೂರು ಕೃಷಿ ಉತ್ಪನ್ನ ಮಾರುಕಟ್ಟೆಯ ಮೂಲಕ ಅದು ಉತ್ತರ ಭಾರತದ ಪೇಟೆಗಳಿಗೆ ಚೀಲಗಳಲ್ಲಿ ರವಾನೆಯಾಗುತ್ತದೆ. ಚೀಲದ ವ್ಯಾಪಾರಕ್ಕೆ ವಿನ್ಯಾಸಕಾರರ ಅಗತ್ಯವಿರಲಿಲ್ಲ. ಚೀಲದ ಮೇಲಿನ ಗುರುತು, ವರ್ತಕರ ಮಾತು ಇವೆರಡೇ ಸಾಕಾಗಿದ್ದವು.

ಆದರೆ ಕೊಬ್ಬರಿಯನ್ನು ಕಾಲು ಕಿಲೋ ಪೊಟ್ಟಣದಲ್ಲಿ, ಎಣ್ಣೆಯನ್ನು ಅರ್ಧ ಲೀಟರ್ ಬಾಟಲಿಯಲ್ಲಿ, ಒಣ ತೆಂಗಿನ ತುರಿಯನ್ನು ಪೌಚಿನಲ್ಲಿ ತುಂಬಿ ನೇರವಾಗಿ ಬಳಕೆದಾರರಿಗೆ ಮಾರಲು ಹೊರಟೊಡನೆ ಪರಿಸ್ಥಿತಿ ಬದಲಾಗುತ್ತದೆ. ಮದುವೆಯ ಆಮಂತ್ರಣ ಪತ್ರಿಕೆ, ಜಾತ್ರೆಯ ಕರಪತ್ರಗಳನ್ನು ಸಿದ್ಧಪಡಿಸುತ್ತಿದ್ದ ಊರಿನ ಡಿ.ಟಿ.ಪಿ. ಕೇಂದ್ರಕ್ಕೆ ಲೇಬಲ್ ಕೆಲಸ ಬರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ತಪ್ಪು ಕಂಡುಬಂದರೆ ಪೆನ್ನಿನಿಂದ ತಿದ್ದಬಹುದು. ಪೊಟ್ಟಣದ ಮೇಲಿನ ತಪ್ಪನ್ನು ಹಾಗೆ ತಿದ್ದಲು ಕಾನೂನು ಅವಕಾಶ ನೀಡುವುದಿಲ್ಲ. ಒಂದು ಸಾಲು ತಪ್ಪಾದ ಕಾರಣಕ್ಕೆ ಮುದ್ರಿತವಾದ ಸಾವಿರಾರು ಪೌಚುಗಳು ಮೂಲೆ ಸೇರಿದರೆ, ಸಾಲ ಮಾಡಿ ಉದ್ಯಮ ಆರಂಭಿಸಿದ ಸಂಘವೊಂದು ಮೊದಲ ವರ್ಷದಲ್ಲೇ ಕಂಗೆಡುತ್ತದೆ.

ಇಂತಹ ತೊಡಕುಗಳಲ್ಲಿ ಹೆಚ್ಚಿನವು ಚಿತ್ರ ಬರೆಯುವ ಕೌಶಲ್ಯದ ಕೊರತೆಯಿಂದ ಉಂಟಾಗುವುದಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುವುದರಿಂದ ಉಂಟಾಗುತ್ತವೆ. ಮೊದಲು ಚಂದದ ಚಿತ್ರ, ನಂತರ ಹೆಸರು, ಕೊನೆಯಲ್ಲಿ ಪರವಾನಗಿ ಎಂಬ ಕ್ರಮವು ರೂಢಿಯಲ್ಲಿದೆ. ಲೇಬಲ್ ಎಂಬುದು ಮೊದಲು ಶಾಸನಬದ್ಧ ಘೋಷಣೆ, ನಂತರ ಚಿತ್ರ ಎಂಬುದನ್ನು ಗ್ರಾಹಕರು ಮತ್ತು ವಿನ್ಯಾಸಕಾರರು ಇಬ್ಬರೂ ಒಪ್ಪಿಕೊಂಡಲ್ಲಿ ಕೆಲಸದ ಅರ್ಧ ಭಾರ ಇಳಿಯುತ್ತದೆ.

ವಿನ್ಯಾಸ ಆರಂಭಿಸುವ ಮುನ್ನ ತೀರ್ಮಾನಿಸಬೇಕಾದ ಸಂಗತಿ

ಪೊಟ್ಟಣದೊಳಗಿನ ಪದಾರ್ಥವು ಕಾನೂನಿನ ದೃಷ್ಟಿಯಲ್ಲಿ ಏನು ಎಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು. ಇದಕ್ಕೆ ಕೊಬ್ಬರಿ ಎಣ್ಣೆಯೇ ಉತ್ತಮ ನಿದರ್ಶನ. ಒಂದೇ ಗಾಣದಿಂದ ಬಂದ ಒಂದೇ ಎಣ್ಣೆಯು ಅಡುಗೆಗೂ ಸಲ್ಲುತ್ತದೆ, ತಲೆಗೂ ಸಲ್ಲುತ್ತದೆ. ಅದನ್ನು ಖಾದ್ಯ ತೈಲವೆಂದು ಮಾರಿದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ಅನ್ವಯಿಸುತ್ತದೆ. ಕೇಶ ತೈಲವೆಂದು ಮಾರಿದರೆ 1940ರ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ ಹಾಗೂ 2020ರ ಕಾಂತಿವರ್ಧಕ ನಿಯಮಗಳ ಅಡಿಯಲ್ಲಿ ಪ್ರತ್ಯೇಕ ತಯಾರಿಕಾ ಪರವಾನಗಿ ಬೇಕಾಗುತ್ತದೆ.

ಈ ಎರಡರ ನಡುವಿನ ಗಡಿಯು ವರ್ಷಗಳ ಕಾಲ ತೆರಿಗೆ ವ್ಯಾಜ್ಯದ ವಿಷಯವಾಗಿತ್ತು. ಸಣ್ಣ ಬಾಟಲಿಯಲ್ಲಿ ತುಂಬಿದ ಮಾತ್ರಕ್ಕೆ ಶುದ್ಧ ಕೊಬ್ಬರಿ ಎಣ್ಣೆಯು ಕೇಶ ತೈಲವಾಗುವುದಿಲ್ಲ, ಅದನ್ನು ಖಾದ್ಯ ತೈಲವೆಂದು ಪರಿಗಣಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 18ರಂದು ತೀರ್ಪು ನೀಡಿತು. ಲೇಬಲ್ಲಿನ ಮೇಲೆ ಏನು ಬರೆದಿದೆ, ಯಾವ ಉಪಯೋಗಕ್ಕೆಂದು ಮಾರಲಾಗುತ್ತಿದೆ ಎಂಬ ಅಂಶಗಳಿಗೆ ಇಲ್ಲಿ ಮಹತ್ವವಿದೆ. 2025ರ ಸೆಪ್ಟೆಂಬರ್ 22ರಿಂದ ಕೇಶ ತೈಲದ ಸರಕು ಮತ್ತು ಸೇವಾ ತೆರಿಗೆಯೂ ಶೇ. 5ಕ್ಕೆ ಇಳಿದಿರುವುದರಿಂದ ತೆರಿಗೆಯ ಅಂತರ ಇಲ್ಲವಾಗಿದೆ; ಪರವಾನಗಿಯ ಅಂತರ ಹಾಗೆಯೇ ಉಳಿದಿದೆ. ಆದುದರಿಂದ ಖಾದ್ಯ ತೈಲದ ಪರವಾನಗಿ ಮಾತ್ರ ಹೊಂದಿರುವ ಘಟಕದ ಲೇಬಲ್ಲಿನ ಮೇಲೆ ನೀಳ ಕೂದಲಿನ ಮಹಿಳೆಯ ಚಿತ್ರವನ್ನು ಅಲಂಕಾರಕ್ಕೆಂದು ಹಾಕುವುದು ಸರಿಯಲ್ಲ. ಚಿತ್ರವೂ ಒಂದು ಹೇಳಿಕೆಯೇ.

ವಿನ್ಯಾಸಕಾರರು ಮುಂಗಡ ಪಡೆಯುವ ಮುನ್ನವೇ ಪರವಾನಗಿಯ ನಕಲು ಪ್ರತಿಯನ್ನು ಕೇಳಿ ಪಡೆಯುವುದು ಸೂಕ್ತ. ಆಹಾರ ಸುರಕ್ಷತಾ ಪ್ರಾಧಿಕಾರವು ನೀಡುವ ನೋಂದಣಿ ಅಥವಾ ಪರವಾನಗಿ ಸಂಖ್ಯೆಯು 14 ಅಂಕಿಗಳದ್ದಾಗಿರುತ್ತದೆ. ಅರ್ಜಿ ಸಲ್ಲಿಸಿದಾಗ ದೊರೆಯುವ ಉಲ್ಲೇಖ ಸಂಖ್ಯೆಯು ಪರವಾನಗಿ ಸಂಖ್ಯೆಯಲ್ಲ. ಹಬ್ಬ ಹತ್ತಿರ ಬಂದಿತೆಂಬ ಅವಸರದಲ್ಲಿ ಉಲ್ಲೇಖ ಸಂಖ್ಯೆಯನ್ನೇ ಮುದ್ರಿಸಿದರೆ ಅಷ್ಟೂ ಪೌಚುಗಳು ನಿರುಪಯುಕ್ತವಾಗುತ್ತವೆ.

ಕಡ್ಡಾಯ ಘೋಷಣೆಗಳು

2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಅಡಿಯಲ್ಲಿ ರಚಿತವಾದ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ, ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು ಮತ್ತು ಪೂರ್ಣ ವಿಳಾಸ, ಪದಾರ್ಥದ ಸಾಮಾನ್ಯ ಹೆಸರು, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಏಕಮಾನ ಮಾರಾಟ ಬೆಲೆ, ದೂರು ಸಲ್ಲಿಸಲು ಸಂಪರ್ಕ ವಿವರ ಇವು ಪೊಟ್ಟಣದ ಮೇಲೆ ಇರತಕ್ಕದ್ದು. ಆಹಾರ ಪದಾರ್ಥಗಳಿಗೆ 2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ವಿನಿಯಮಗಳ ಪ್ರಕಾರ ಘಟಕಾಂಶಗಳ ಪಟ್ಟಿ, ಪೋಷಕಾಂಶ ಮಾಹಿತಿ, ಸಸ್ಯಾಹಾರ ಚಿಹ್ನೆ, ಪ್ರಾಧಿಕಾರದ ಲಾಂಛನ ಮತ್ತು ಪರವಾನಗಿ ಸಂಖ್ಯೆ, ಲಾಟ್ ಸಂಖ್ಯೆ, ದಿನಾಂಕಗಳು ಸೇರುತ್ತವೆ.

ಪಟ್ಟಿ ದೊಡ್ಡದು, ಪೊಟ್ಟಣ ಚಿಕ್ಕದು. ಜಾಗ ಸಾಲದೆ ಬಂದಾಗ ಅಕ್ಷರಗಳನ್ನು ಅಕ್ಕಪಕ್ಕದಿಂದ ಒತ್ತಿ ಸಪೂರವಾಗಿಸುವುದು ಸುಲಭದ ಉಪಾಯವೆಂದು ತೋರುತ್ತದೆ. ನಿಯಮವು ಇದನ್ನು ಮೊದಲೇ ಊಹಿಸಿದೆ: ಅಕ್ಷರ ಅಥವಾ ಅಂಕಿಯ ಅಗಲವು ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿರಕೂಡದು, ಒಂದು ಎಂಬ ಅಂಕಿ ಹಾಗೂ ಸ್ವಭಾವತಃ ಸಪೂರವಾದ ಕೆಲವು ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ವಿನಾಯಿತಿ. ನಿವ್ವಳ ಪ್ರಮಾಣ ಮತ್ತು ಬೆಲೆಯ ಅಂಕಿಗಳಿಗೆ ಕನಿಷ್ಠ ಎತ್ತರವನ್ನು ನಿಗದಿಪಡಿಸಿದ ಕೋಷ್ಟಕ ನಿಯಮದಲ್ಲಿಯೇ ಇದೆ. ಈ ಅಂಕಿಗಳನ್ನು ಮೊದಲು ಹಾಳೆಯ ಮೇಲೆ ಇರಿಸಿ, ಉಳಿದ ಜಾಗದಲ್ಲಿ ಚಿತ್ರ ರಚಿಸುವುದೇ ಸರಿಯಾದ ಕ್ರಮ.

ನಿವ್ವಳ ಪ್ರಮಾಣವನ್ನು ಬರೆಯುವಾಗ ಗ್ರಾಂಗೆ ಇಂಗ್ಲಿಷಿನ 'ಜಿ' ಎಂಬ ಒಂದೇ ಸಣ್ಣಕ್ಷರ ಬಳಸತಕ್ಕದ್ದು. ಅಂಗಡಿಗಳಲ್ಲಿ ಎಲ್ಲೆಡೆ ಕಾಣುವ 'ಜಿಎಂಎಸ್' ಎಂಬ ರೂಪಕ್ಕೆ ಮಾನ್ಯತೆಯಿಲ್ಲ. 'ಸುಮಾರು', 'ಕನಿಷ್ಠ', 'ಸರಾಸರಿ' ಎಂಬ ಪದಗಳನ್ನು ತೂಕದ ಜೊತೆಗೆ ಸೇರಿಸಕೂಡದು. ಖಾದ್ಯ ಎಣ್ಣೆಗೆ ಗಾತ್ರ ಮತ್ತು ತೂಕ ಎರಡನ್ನೂ ನಮೂದಿಸಬೇಕು. ಇಂತಿಷ್ಟು ಉಷ್ಣಾಂಶದಲ್ಲಿ ಎಂಬ ಷರತ್ತನ್ನು ಕೈಬಿಡಬೇಕೆಂದು ಕೇಂದ್ರ ಸರ್ಕಾರವು 2022ರಲ್ಲಿ ಸೂಚಿಸಿದೆ. ಏಕಮಾನ ಬೆಲೆಯನ್ನು ಒಂದು ಕಿಲೋಗಿಂತ ಕಡಿಮೆಯ ಪೊಟ್ಟಣದ ಮೇಲೆ ಪ್ರತಿ ಗ್ರಾಂಗೆ ಲೆಕ್ಕ ಹಾಕಿ ಬರೆಯಬೇಕು. ಉದಾಹರಣೆಗೆ, 250 ಗ್ರಾಂ ಪೊಟ್ಟಣಕ್ಕೆ 150 ರೂಪಾಯಿ ಬೆಲೆಯಿದ್ದಲ್ಲಿ ಪ್ರತಿ ಗ್ರಾಂಗೆ 0.60 ರೂಪಾಯಿ ಎಂದು ನಮೂದಿಸಬೇಕು.

ಸ್ಟಿಕ್ಕರ್ ಅಂಟಿಸುವ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕಡ್ಡಾಯ ಘೋಷಣೆಯನ್ನು ಬದಲಿಸಲು ಅಥವಾ ಬಿಟ್ಟುಹೋದುದನ್ನು ಸೇರಿಸಲು ಪೊಟ್ಟಣದ ಮೇಲೆ ಬಿಡಿ ಸ್ಟಿಕ್ಕರ್ ಅಂಟಿಸಲು ಅವಕಾಶವಿಲ್ಲ. ಬೆಲೆಯನ್ನು ಇಳಿಸುವಾಗ ಮಾತ್ರ, ಮೂಲ ಬೆಲೆಯನ್ನು ಮುಚ್ಚದಂತೆ, ಕಡಿಮೆ ಬೆಲೆಯ ಸ್ಟಿಕ್ಕರ್ ಹಚ್ಚಬಹುದು. 2025ರಲ್ಲಿ ತೆರಿಗೆ ದರಗಳು ಬದಲಾದಾಗ ಕೇಂದ್ರ ಸರ್ಕಾರವು ಬೆಲೆ ತಿದ್ದುಪಡಿಗೆ ತಾತ್ಕಾಲಿಕ ಸಡಿಲಿಕೆ ನೀಡಿತ್ತು. ಅದನ್ನು ಕಂಡು ಸ್ಟಿಕ್ಕರಿಗೆ ಸದಾ ಅನುಮತಿಯಿದೆಯೆಂದು ಭಾವಿಸಬಾರದು.

ಯಾವ ಭಾಷೆಯಲ್ಲಿ ಬರೆಯಬೇಕು?

ಈ ಪ್ರಶ್ನೆಗೆ ಎರಡು ಬಗೆಯ ತಪ್ಪು ಉತ್ತರಗಳು ಚಾಲ್ತಿಯಲ್ಲಿವೆ. ಊರಿನಲ್ಲಿಯೇ ಮಾರುವ ಸರಕಾದ್ದರಿಂದ ಕನ್ನಡ ಮಾತ್ರ ಸಾಕು ಎಂಬುದು ಒಂದು. ದೆಹಲಿಗೆ ಹೋಗುವ ಸರಕಾದ್ದರಿಂದ ಕನ್ನಡ ಬೇಡ ಎಂಬುದು ಇನ್ನೊಂದು.

ಪೊಟ್ಟಣ ಸಾಮಗ್ರಿಗಳ ನಿಯಮಗಳು ಮತ್ತು ಆಹಾರ ಲೇಬಲಿಂಗ್ ವಿನಿಯಮಗಳು ಎರಡೂ ಕಡ್ಡಾಯ ಘೋಷಣೆಗಳನ್ನು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಕೇಳುತ್ತವೆ. ಇತರ ಭಾಷೆಗಳನ್ನು ಅದರ ಜೊತೆಗೆ ಬಳಸಬಹುದು. ಹೀಗಾಗಿ ಕನ್ನಡ ಮಾತ್ರವೇ ಇರುವ ಲೇಬಲ್ ಎಷ್ಟೇ ಅಂದವಾಗಿದ್ದರೂ ಪರಿಪೂರ್ಣವಲ್ಲ. ಇನ್ನೊಂದೆಡೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಪ್ರಕಾರ ರಾಜ್ಯದಲ್ಲಿ ತಯಾರಾಗುವ ಕೈಗಾರಿಕಾ ಮತ್ತು ಗ್ರಾಹಕ ಉತ್ಪನ್ನಗಳ ಮೇಲೆ ಹೆಸರು ಹಾಗೂ ಬಳಕೆಯ ಸೂಚನೆಗಳನ್ನು ಇತರ ಭಾಷೆಯ ಜೊತೆಗೆ ಕನ್ನಡದಲ್ಲಿಯೂ ಮುದ್ರಿಸಬೇಕು. ಆದ್ದರಿಂದ ಎರಡು ಭಾಷೆಗಳಿಗೆ ಜಾಗವನ್ನು ಮೊದಲ ಕರಡಿನಲ್ಲಿಯೇ ಮೀಸಲಿಡುವುದು ಅವಶ್ಯ. ಒಂದು ಭಾಷೆಯಲ್ಲಿ ಹೇಳಿದ್ದಕ್ಕೆ ಇನ್ನೊಂದು ವಿರುದ್ಧವಾಗಿರಬಾರದು. ಇಂಗ್ಲಿಷಿನಲ್ಲಿ ಸಾಮಾನ್ಯ ಕೊಬ್ಬರಿ ಎಣ್ಣೆಯೆಂದೂ ಕನ್ನಡದಲ್ಲಿ 'ಸಾವಯವ' ಎಂದೂ ಬರೆಯುವುದು ಅಂತಹ ವಿರೋಧ. ಸಾವಯವ ಎಂಬ ಪದವನ್ನು ಬಳಸಲು ಸಂಬಂಧಿಸಿದ ಪ್ರಮಾಣೀಕರಣ ಬೇಕು. 'ಶುದ್ಧ', 'ನೈಸರ್ಗಿಕ', 'ಸಾಂಪ್ರದಾಯಿಕ' ಎಂಬ ಮಾತುಗಳಿಗೂ 2018ರ ಜಾಹೀರಾತು ಮತ್ತು ಹೇಳಿಕೆಗಳ ವಿನಿಯಮಗಳಲ್ಲಿ ಷರತ್ತುಗಳಿವೆ.

ಕನ್ನಡ ಅಕ್ಷರಗಳ ತೊಡಕು

ಕನ್ನಡ ಲೇಬಲ್ ಮುದ್ರಣದಲ್ಲಿ ಅತಿ ಹೆಚ್ಚು ನಷ್ಟಕ್ಕೆ ಕಾರಣವಾಗುವ ಸಂಗತಿಯು ಅಕ್ಷರ ಸಂಕೇತ ವ್ಯವಸ್ಥೆ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಯುನಿಕೋಡ್ ಪೂರ್ವದ ಸಂಕೇತಗಳನ್ನು ಆಧರಿಸಿವೆ. ಊರಿನ ಡಿ.ಟಿ.ಪಿ. ಕೇಂದ್ರದಲ್ಲಿ ಹಳೆಯ ಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವು, ಆ ಶೈಲಿಯಿಲ್ಲದ ಬೆಂಗಳೂರಿನ ಅಥವಾ ಶಿವಕಾಶಿಯ ಮುದ್ರಣಾಲಯದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡಿನಲ್ಲಿ ಕಳುಹಿಸಿದರೆ ಈ ತೊಂದರೆಯಿಲ್ಲ. ಆದರೆ ಹಳೆಯ ವಿನ್ಯಾಸ ತಂತ್ರಾಂಶಗಳು ಯುನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಕೂಡಿಸಲಾರದೆ ಬಿಡಿಬಿಡಿಯಾಗಿ ತೋರಿಸುತ್ತವೆ: 'ಕೊಬ್ಬರಿ' ಎಂಬ ಪದದಲ್ಲಿನ ಬಕಾರದ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿಯೇ ಉಳಿಯುತ್ತದೆ. ಕನ್ನಡ ಓದಲು ಬಾರದ ಮುದ್ರಕರಿಗೆ ಅದು ತಪ್ಪೆಂದು ಹೊಳೆಯುವುದಿಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ. ಅಂತಿಮ ಕಡತದಲ್ಲಿ ಎಲ್ಲ ಕನ್ನಡ ಪಠ್ಯವನ್ನು ರೇಖಾರೂಪಕ್ಕೆ, ಅಂದರೆ ವೃತ್ತಿಯ ಮಾತಿನಲ್ಲಿ 'ಕರ್ವ್ಸ್'ಗೆ ಪರಿವರ್ತಿಸಿ ಕಳುಹಿಸಬೇಕು. ತಿದ್ದುಪಡಿಗೆ ಅನುಕೂಲವಾಗುವಂತೆ ಪರಿವರ್ತಿಸದ ಪ್ರತಿಯೊಂದನ್ನು ಯುನಿಕೋಡಿನಲ್ಲಿ ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಮುದ್ರಣಾಲಯದಿಂದ ಬರುವ ಪ್ರೂಫನ್ನು ಮೊಬೈಲ್ ದೂರವಾಣಿಯ ಪರದೆಯಲ್ಲಿ ನೋಡಿ ಒಪ್ಪಿಗೆ ನೀಡುವುದು ಅಪಾಯಕರ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ವಿನ್ಯಾಸದಲ್ಲಿ ಪಾಲ್ಗೊಳ್ಳದ ಮತ್ತೊಬ್ಬರಿಂದ ಓದಿಸತಕ್ಕದ್ದು. ಸಂಘದ ಸದಸ್ಯೆಯರಲ್ಲಿ ವಯಸ್ಸಾದವರೊಬ್ಬರು ಕನ್ನಡಕವಿಲ್ಲದೆ ಬೆಲೆಯನ್ನು ಓದಬಲ್ಲರೇ ಎಂಬ ಪರೀಕ್ಷೆಯು ಯಾವ ಉಪಕರಣಕ್ಕೂ ಕಡಿಮೆಯಿಲ್ಲ.

ಒತ್ತಕ್ಷರಗಳಿಗೆ ಇನ್ನೊಂದು ಕಷ್ಟವಿದೆ. ಕನ್ನಡದ ಸಾಲು ಇಂಗ್ಲಿಷ್ ಸಾಲಿಗಿಂತ ಮೇಲೂ ಕೆಳಗೂ ಹೆಚ್ಚು ಜಾಗ ಬೇಡುತ್ತದೆ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಳಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಪ್ಲಾಸ್ಟಿಕ್ ಪದರದ ಮೇಲೆ ಶಾಯಿ ಸ್ವಲ್ಪ ಹರಡುವುದರಿಂದ ಸಣ್ಣ ಅಕ್ಷರಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಕಡು ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳನ್ನು ಬಿಡುವುದಾದರೆ ದಪ್ಪ ಶೈಲಿಯನ್ನೇ ಆರಿಸಿಕೊಳ್ಳಬೇಕು.

ಬಣ್ಣ, ಪಾರದರ್ಶಕತೆ ಮತ್ತು ಚಳಿಗಾಲ

ತೆಂಗು ಎಂದೊಡನೆ ಹಸಿರು ಬಣ್ಣ ನೆನಪಾಗುವುದು ಸಹಜ. ಆದರೆ ಸಸ್ಯಾಹಾರ ಚಿಹ್ನೆಯೂ ಹಸಿರೇ ಆಗಿದೆ. ಹಸಿರು ಗೆರೆಯ ಚೌಕದೊಳಗೆ ಹಸಿರು ತುಂಬಿದ ವೃತ್ತವಿರುವ ಈ ಚಿಹ್ನೆಯು ಪ್ರಧಾನ ಫಲಕದಲ್ಲಿ, ಉತ್ಪನ್ನದ ಹೆಸರಿನ ಸಮೀಪ, ಎದ್ದು ಕಾಣುವ ಹಿನ್ನೆಲೆಯ ಮೇಲೆ ಇರಬೇಕು. ಫಲಕದ ವಿಸ್ತೀರ್ಣ 100 ಚದರ ಸೆಂ.ಮೀ. ವರೆಗೆ ಇದ್ದಲ್ಲಿ ವೃತ್ತದ ವ್ಯಾಸ ಕನಿಷ್ಠ 3 ಮಿ.ಮೀ., ಚೌಕದ ಬದಿ ಅದರ ಎರಡರಷ್ಟು. ಹಸಿರು ಪೌಚಿನಲ್ಲಿ ಚಿಹ್ನೆಯ ಸುತ್ತ ಬಿಳಿ ಜಾಗ ಬಿಡದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಕೊಬ್ಬರಿ ಎಣ್ಣೆಯ ಬಾಟಲಿಗೆ ಪಾರದರ್ಶಕ ಸ್ಟಿಕ್ಕರಿನ ಮೇಲೆ ಬಿಳಿ ಅಕ್ಷರಗಳನ್ನು ಮುದ್ರಿಸುವ ಫ್ಯಾಷನ್ ಬಂದಿದೆ. ಬೇಸಿಗೆಯಲ್ಲಿ ಇದು ಸೊಗಸಾಗಿಯೇ ಕಾಣುತ್ತದೆ. ಉಷ್ಣಾಂಶವು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಎಣ್ಣೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಬಿಳಿಯ ಮೇಲೆ ಬಿಳಿ ಅಕ್ಷರ ಮಾಯವಾಗುತ್ತದೆ. ಪುಷ್ಯ ಮಾಸದ ಬೆಳಗಿನಲ್ಲಿ ಬಾಟಲಿಯ ಮೇಲೆ ಬೆಲೆಯೂ ಇಲ್ಲ, ತೂಕವೂ ಇಲ್ಲ. ಮಾದರಿ ಲೇಬಲ್ ಅಂಟಿಸಿದ ಬಾಟಲಿಯನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ನೋಡಿದರೆ ಇದು ಮೊದಲೇ ತಿಳಿಯುತ್ತದೆ. ಎಣ್ಣೆ ಸೋಕಿದಾಗ ಕಾಗದದ ಲೇಬಲ್ ಕಲೆಯಾಗುವುದರಿಂದ, ಪ್ಲಾಸ್ಟಿಕ್ ಪದರವಿರುವ ಲೇಬಲ್ ಬಳಸುವುದು ಒಳಿತು.

ಒಣ ತೆಂಗಿನ ತುರಿ ಮತ್ತು ಕೊಬ್ಬರಿ ಚಿಪ್ಸ್ ಪೌಚುಗಳಿಗೆ ಒಳಗಿನ ಪದಾರ್ಥ ಕಾಣುವಂತೆ ಕಿಟಕಿ ಬಿಡಬೇಕೆಂದು ಗ್ರಾಹಕರು ಬಯಸುತ್ತಾರೆ. ಈ ಪದಾರ್ಥಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬಿನಂಶವಿರುತ್ತದೆ. ಬೆಳಕು ಮತ್ತು ಗಾಳಿ ತಗುಲಿದಷ್ಟೂ ಬೇಗ ಕನರು ವಾಸನೆ ಹಿಡಿಯುತ್ತದೆ. ಮಾರಾಟಕ್ಕೆ ನೆರವಾಗಲೆಂದು ಬಿಟ್ಟ ಕಿಟಕಿಯೇ ಬಾಳಿಕೆಯನ್ನು ಕುಗ್ಗಿಸುತ್ತದೆ. ಕಿಟಕಿ ಬೇಕೇ ಬೇಕೆಂದಾದರೆ ಬಾಳಿಕೆ ಪರೀಕ್ಷೆಯನ್ನು ಅದೇ ಕಿಟಕಿಯಿರುವ ಪೌಚಿನಲ್ಲಿ ಮಾಡಿಸಿ, ಅದರ ಫಲಿತಾಂಶದ ಆಧಾರದ ಮೇಲೆ ಬಳಕೆಯ ಕೊನೆಯ ದಿನಾಂಕವನ್ನು ನಿಗದಿಪಡಿಸಬೇಕು.

ಪೌಚ್ ಮುದ್ರಣದ ವೆಚ್ಚ ಕುರಿತು ಒಂದು ಮಾತು. ರೋಟೋಗ್ರಾವ್ಯೂರ್ ವಿಧಾನದಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೊರೆಯಬೇಕು. ವಿಳಾಸವನ್ನು ಎರಡು ಬಣ್ಣಗಳಲ್ಲಿ ರಚಿಸಿದ್ದರೆ, ವಿಳಾಸ ಬದಲಾದಾಗ ಎರಡು ಸಿಲಿಂಡರುಗಳನ್ನು ಬದಲಿಸಬೇಕಾಗುತ್ತದೆ. ಮುಂದೆ ಬದಲಾಗಬಹುದಾದ ಎಲ್ಲ ಪಠ್ಯವನ್ನೂ ಒಂದೇ ಬಣ್ಣದಲ್ಲಿ ಇರಿಸಿದಲ್ಲಿ ವೆಚ್ಚ ಒಂದಕ್ಕೆ ಸೀಮಿತವಾಗುತ್ತದೆ. ಬೆಲೆ, ಲಾಟ್ ಸಂಖ್ಯೆ, ದಿನಾಂಕಗಳನ್ನು ಸಿಲಿಂಡರಿನಲ್ಲಿ ಸೇರಿಸದೆ, ಪೊಟ್ಟಣ ತುಂಬುವಾಗ ಮುದ್ರಿಸಲು ತಿಳಿ ಬಣ್ಣದ ಖಾಲಿ ಜಾಗವನ್ನು ಬಿಡಬೇಕು. ಕೈಯಿಂದ ಒರೆಸಿದರೆ ಆ ಶಾಯಿ ಅಳಿಯುವುದೇ ಎಂದು ಪರೀಕ್ಷಿಸಬೇಕು. ಮೊದಲ ಸಲ ಮಾರುಕಟ್ಟೆಗೆ ಬರುವವರು ಸಿಲಿಂಡರಿಗೆ ಹಣ ಹೂಡದೆ, ಸಾದಾ ಪೌಚಿನ ಮೇಲೆ ಎಲ್ಲ ಘೋಷಣೆಗಳನ್ನೂ ಒಳಗೊಂಡ ಒಂದೇ ಮುದ್ರಿತ ಲೇಬಲ್ ಅಂಟಿಸಿ ಆರಂಭಿಸುವುದು ಜಾಣತನ.

ಬಾರ್‌ಕೋಡ್ ಬೇಕಿದ್ದಲ್ಲಿ ಜಿಎಸ್1 ಇಂಡಿಯಾ ಸಂಸ್ಥೆಯಿಂದ ಸಂಖ್ಯೆ ಪಡೆಯಬೇಕು. ಅಲ್ಲಿ ನೀಡುವ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಅಳತೆಯನ್ನು ಶೇ. 80ಕ್ಕಿಂತ ಕುಗ್ಗಿಸಕೂಡದು. ಕೆಂಪು ಗೆರೆಗಳನ್ನು ಯಂತ್ರವು ಓದಲಾರದು.

ಹೆಸರು ಮತ್ತು ಹಕ್ಕು

ಈ ಸೀಮೆಯ ಉದ್ಯಮಿಗಳು ಬ್ರ್ಯಾಂಡಿಗೆ 'ತಿಪಟೂರು' ಅಥವಾ 'ಕಲ್ಪತರು' ಎಂಬ ಹೆಸರನ್ನೇ ಬಯಸುವುದುಂಟು. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 9ನೇ ಪ್ರಕರಣದಂತೆ ಸರಕಿನ ಭೌಗೋಳಿಕ ಮೂಲವನ್ನು ಮಾತ್ರ ಸೂಚಿಸುವ ಹೆಸರಿನ ನೋಂದಣಿಗೆ ಆಕ್ಷೇಪಣೆ ಬರುತ್ತದೆ. ಅನೇಕರು ಬಳಸುತ್ತಿರುವ ಹೆಸರಿಗೆ ಪೂರ್ವ ನೋಂದಣಿಯ ಅಡ್ಡಿಯೂ ಇರಬಹುದು. ಲಾಂಛನ ಬಿಡಿಸುವ ಮುನ್ನವೇ ವ್ಯಾಪಾರ ಚಿಹ್ನೆಗಳ ಸಾರ್ವಜನಿಕ ಶೋಧ ಸೌಲಭ್ಯದಲ್ಲಿ ಹೆಸರನ್ನು ಹುಡುಕಿ ನೋಡುವುದು ವಿನ್ಯಾಸಕಾರರ ಕರ್ತವ್ಯದ ಭಾಗವೆಂದೇ ಭಾವಿಸತಕ್ಕದ್ದು. ಇದಕ್ಕೆ ಶುಲ್ಕವಿಲ್ಲ. ಖಾದ್ಯ ಎಣ್ಣೆ ಮತ್ತು ಒಣ ತುರಿಗೆ 29ನೇ ವರ್ಗ, ಕೇಶ ತೈಲಕ್ಕೆ 3ನೇ ವರ್ಗ, ತೆಂಗಿನ ನಾರಿನ ಚಾಪೆಗಳಿಗೆ 27ನೇ ವರ್ಗ ಅನ್ವಯಿಸುತ್ತದೆ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳಿಗೆ ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ ಶುಲ್ಕವಿದೆ. ಕರ್ನಾಟಕವು ಚೆನ್ನೈ ನೋಂದಣಿ ಕಚೇರಿಯ ವ್ಯಾಪ್ತಿಗೆ ಒಳಪಡುತ್ತದೆ.

ಲೇಬಲ್ಲಿನ ಚಿತ್ರ ಯಾರದು ಎಂಬ ಪ್ರಶ್ನೆಯು ಉದ್ಯಮ ಚೆನ್ನಾಗಿ ನಡೆಯತೊಡಗಿದ ಮೇಲೆ ಏಳುತ್ತದೆ. ಹಣ ಕೊಟ್ಟು ಮಾಡಿಸಿದ್ದರಿಂದ ತನ್ನದೇ ಎಂದು ಗ್ರಾಹಕರು ತಿಳಿದಿರುತ್ತಾರೆ. ಸ್ವತಂತ್ರ ವಿನ್ಯಾಸಕಾರರು ರಚಿಸಿದ ಲಾಂಛನದ ಕೃತಿಸ್ವಾಮ್ಯವು, ಲಿಖಿತವಾಗಿ ವರ್ಗಾಯಿಸದ ಹೊರತು, ಸಾಮಾನ್ಯವಾಗಿ ರಚಿಸಿದವರಲ್ಲಿಯೇ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೇ ಪ್ರಕರಣದಂತೆ ವರ್ಗಾವಣೆಯು ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದಲ್ಲಿ ಐದು ವರ್ಷಗಳೆಂದು ಪರಿಗಣಿಸಲಾಗುತ್ತದೆ. ಒಂದು ಪುಟದ ಪತ್ರದಲ್ಲಿ ಹಕ್ಕು, ಅವಧಿ, ಮೂಲ ಕಡತದ ಹಸ್ತಾಂತರ ಈ ಮೂರನ್ನು ಬರೆದುಕೊಂಡರೆ ಮುಂದಿನ ಮನಸ್ತಾಪ ತಪ್ಪುತ್ತದೆ.

2000ರ ವಿನ್ಯಾಸಗಳ ಅಧಿನಿಯಮವು ಲೇಬಲ್ಲಿಗೆ ರಕ್ಷಣೆ ನೀಡುವುದಿಲ್ಲ. ಅದು ವಸ್ತುವಿನ ಆಕಾರ ಮತ್ತು ಅಲಂಕಾರಕ್ಕೆ ಸಂಬಂಧಿಸಿದ್ದು. ಕರಟದ ದೀಪ, ನಾರಿನ ಚಾಪೆಯ ಹೊಸ ಹೆಣಿಗೆ, ಹೊಸ ಆಕಾರದ ಬಾಟಲಿ ಇವುಗಳಿಗೆ ಅರ್ಜಿ ಸಲ್ಲಿಸಬಹುದು. ನೋಂದಣಿಯ ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ವಿನ್ಯಾಸವು ಹೊಸದಾಗಿರಬೇಕಾದ್ದರಿಂದ, ವಸ್ತುಪ್ರದರ್ಶನದಲ್ಲಿ ಇಡುವ ಅಥವಾ ಮೊಬೈಲಿನಲ್ಲಿ ಚಿತ್ರ ಹಂಚುವ ಮುನ್ನವೇ ಅರ್ಜಿ ಸಲ್ಲಿಸುವುದು ಕ್ಷೇಮ.

ಗ್ರಾಹಕರು ಮತ್ತು ವಿನ್ಯಾಸಕಾರರ ನಡುವಿನ ವ್ಯವಹಾರ

ಸಂಘದ ಕೆಲಸದಲ್ಲಿ ಒಪ್ಪಿಗೆ ನೀಡುವವರು ಹಲವರಿರುತ್ತಾರೆ. ಅಧ್ಯಕ್ಷೆ ಕೆಂಪು ಬೇಕೆಂದರೆ ಕಾರ್ಯದರ್ಶಿ ಹಳದಿ ಬೇಕೆನ್ನುತ್ತಾರೆ. ಕರಡು ಹತ್ತು ಸಲ ತಿದ್ದಲ್ಪಡುತ್ತದೆ, ಸಂಭಾವನೆ ಮಾತ್ರ ಮೊದಲು ಹೇಳಿದಷ್ಟೇ. ಕಾರ್ಯಾದೇಶದಲ್ಲಿ ಎಷ್ಟು ಸಲ ತಿದ್ದುಪಡಿ, ಹೆಚ್ಚಿನ ತಿದ್ದುಪಡಿಗೆ ಎಷ್ಟು ಹಣ, ಅಂತಿಮ ಒಪ್ಪಿಗೆಗೆ ಯಾರೊಬ್ಬರ ಸಹಿ ಎಂಬುದನ್ನು ಬರೆಯಿಸಬೇಕು. ಪರವಾನಗಿ ಸಂಖ್ಯೆ, ವಿಳಾಸ, ಪೋಷಕಾಂಶ ವಿವರಗಳನ್ನು ಗ್ರಾಹಕರೇ ಲಿಖಿತವಾಗಿ ಒದಗಿಸತಕ್ಕದ್ದು. ಪೋಷಕಾಂಶದ ಅಂಕಿಗಳನ್ನು ಬೇರೊಂದು ಕಂಪನಿಯ ಪೊಟ್ಟಣದಿಂದ ನಕಲು ಮಾಡುವ ಅಭ್ಯಾಸವನ್ನು ವಿನ್ಯಾಸಕಾರರು ಒಪ್ಪಬಾರದು.

ವಿನ್ಯಾಸ ಸೇವೆ ನೀಡುವವರೂ ಉದ್ಯಮ್ ನೋಂದಣಿ ಪಡೆಯಬಹುದು. ಗ್ರಾಫಿಕ್ ವಿನ್ಯಾಸವು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ 7410ರ ಅಡಿಯಲ್ಲಿ ಬರುತ್ತದೆ. ನೋಂದಣಿ ಸಂಪೂರ್ಣ ಉಚಿತ. ಹಣ ಕೇಳುವ ಖಾಸಗಿ ಜಾಲತಾಣಗಳ ಬಗ್ಗೆ ಎಚ್ಚರ ವಹಿಸುವುದು. ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮಕ್ಕೆ ಸಲ್ಲಬೇಕಾದ ಹಣವನ್ನು ಖರೀದಿದಾರರು ಒಪ್ಪಂದವಿದ್ದರೂ 45 ದಿನಗಳನ್ನು ಮೀರಿ ತಡೆಹಿಡಿಯುವಂತಿಲ್ಲವೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮ ವಿಧಿಸುತ್ತದೆ. ತಡವಾದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಈ ಬಗ್ಗೆ ರಾಜ್ಯದ ಸೌಲಭ್ಯ ಮಂಡಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿದೆ.

ಅರ್ಜಿ ಸಲ್ಲಿಸುವ ಸ್ಥಳಗಳು

ಆಹಾರ ಪರವಾನಗಿ ಮತ್ತು ನೋಂದಣಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನಗಳೊಳಗೆ ಕಾನೂನು ಮಾಪನಶಾಸ್ತ್ರ ನಿಯಮ 27ರ ಅಡಿಯಲ್ಲಿ ತಯಾರಕರು ಅಥವಾ ಪೊಟ್ಟಣ ಕಟ್ಟುವವರು ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಶುಲ್ಕ 500 ರೂಪಾಯಿ. ಉದ್ಯಮ ಆರಂಭ ಮತ್ತು ಸಹಾಯಧನ ಯೋಜನೆಗಳ ಸದ್ಯದ ಷರತ್ತುಗಳನ್ನು ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ತೆಂಗಿನ ಮೌಲ್ಯವರ್ಧನೆ ಕುರಿತು ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು, ತೆಂಗು ಅಭಿವೃದ್ಧಿ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬಹುದು. ನಾರಿನ ಉತ್ಪನ್ನಗಳಿಗೆ ಸಂಬಂಧಿಸಿದಂತೆ ನಾರು ಮಂಡಳಿಯ ಬೆಂಗಳೂರು ಕಚೇರಿಯನ್ನು ಸಂಪರ್ಕಿಸುವುದು.

ಕಚೇರಿಗೆ ಭೇಟಿ ನೀಡುವಾಗ ಲೇಬಲ್ಲಿನ ಕರಡನ್ನು ನಿಜ ಅಳತೆಯ ಕಾಗದದ ಪ್ರತಿಯಲ್ಲಿ, ತುಂಬಲಿರುವ ಖಾಲಿ ಪೌಚ್ ಅಥವಾ ಬಾಟಲಿಯ ಸಮೇತ ತರುವುದು. ಸಿಲಿಂಡರ್ ಕೊರೆಯಲು ಮುಂಗಡ ನೀಡುವ ಮೊದಲೇ ಬರತಕ್ಕದ್ದು.